ಗೇಮ್ ಸ್ಟೋರ್ ಖಾತೆ ಮತ್ತು ವಿಪಿಎನ್: ಖರೀದಿಗೆ ಮುನ್ನ ಮತ್ತು ಬೀಗ ಬಿದ್ದ ಮೇಲೆ

ಕಳೆದ ವರ್ಷದ ಬೇಸಿಗೆ ರಿಯಾಯಿತಿ ಮಾರಾಟದ ದಿನಗಳಲ್ಲಿ, ದಾವಣಗೆರೆಯ ವಿದ್ಯಾನಗರದಲ್ಲಿ ಕೋಣೆ ಮಾಡಿಕೊಂಡು ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ರಾತ್ರಿ ಹನ್ನೊಂದರ ಹೊತ್ತಿಗೆ ಫೋನ್ ಮಾಡಿ, ‘ಮಾಮ, ನನ್ನ ಗೇಮ್ ಅಕೌಂಟ್ ಲಾಕ್ ಆಗೈತಿ, ಅಮ್ಮಂಗೆ ಹೇಳಬ್ಯಾಡ’ ಎಂದ. ವಿಚಾರಿಸಿದಾಗ ತಿಳಿದದ್ದು ಇಷ್ಟು: ಸಂಜೆ ಯಾವುದೋ ವಿದೇಶಿ ಕಾರ್ಯಕ್ರಮ ನೋಡಲು ವಿಪಿಎನ್ (ನಾವು ಬೇರೆ ದೇಶದಲ್ಲಿರುವಂತೆ ತೋರಿಸಬಲ್ಲ ಆ್ಯಪ್) ಹಾಕಿಕೊಂಡಿದ್ದ, ಅದನ್ನು ತೆಗೆಯುವುದನ್ನು ಮರೆತು ಆಟ ಕೊಳ್ಳಲು ಹೋಗಿದ್ದ, ಕಾರ್ಡ್ ಒಪ್ಪದಿದ್ದಾಗ ಮೂರು ಸಲ ಮತ್ತೆ ಮತ್ತೆ ಒತ್ತಿದ್ದ. ಕಡಿಮೆ ಬೆಲೆಯ ಆಸೆಯಿಂದ ಅವನು ಇದನ್ನು ಮಾಡಿರಲಿಲ್ಲ. ಆದರೆ ಅಂಗಡಿಯ ಕಂಪ್ಯೂಟರಿಗೆ ಆಸೆಯೂ ಮರೆವೂ ಒಂದೇ ರೀತಿ ಕಾಣುತ್ತವೆ. ಆ ರಾತ್ರಿಯಿಂದ ಈಚೆಗೆ ಅವನಿಗೂ ಅವನ ಸ್ನೇಹಿತರಿಗೂ ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲಿಗೆ, ಕಳೆದುಕೊಳ್ಳಬಹುದಾದದ್ದು ಏನು ಎಂಬುದು ಸ್ಪಷ್ಟವಾಗಿರಬೇಕು. ಸ್ಟೀಮ್, ಎಪಿಕ್, ಪ್ಲೇಸ್ಟೇಷನ್ ಮೊದಲಾದ ಅಂಗಡಿಗಳಲ್ಲಿ ನಾವು ಹಣ ಕೊಟ್ಟು ಪಡೆಯುವುದು ಆಟದ ಪ್ರತಿಯನ್ನಲ್ಲ, ಆಟವನ್ನು ಬಳಸುವ ಪರವಾನಗಿಯನ್ನು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಇದನ್ನು ಗ್ರಾಹಕರಿಗೆ ನೇರವಾಗಿ ಹೇಳಲೇಬೇಕೆಂಬ ಕಾನೂನು 2025ರ ಜನವರಿ 1ರಿಂದ ಜಾರಿಗೆ ಬಂದಿದ್ದು, ಅದಕ್ಕೂ ಮುಂಚೆಯೇ, 2024ರ ಅಕ್ಟೋಬರಿನಲ್ಲಿ, ಸ್ಟೀಮ್ ತನ್ನ ಪಾವತಿ ಪುಟದಲ್ಲಿ ಈ ಮಾತನ್ನು ಸೇರಿಸಿತು. ಖಾತೆಗೆ ಬೀಗ ಬಿದ್ದರೆ ಅಂದು ಕೊಂಡ ಒಂದು ಆಟ ಮಾತ್ರವಲ್ಲದೆ, ಐದಾರು ವರ್ಷಗಳಲ್ಲಿ ಒಂದೊಂದಾಗಿ ಕೂಡಿಸಿದ ಲೈಬ್ರರಿಯೆಲ್ಲ ಆ ಬೀಗದ ಒಳಗೆ ಉಳಿಯುತ್ತದೆ. ಗಾಗ್‌ನಂಥ ಕೆಲವು ಅಂಗಡಿಗಳು ಮಾತ್ರ ಆಟದ ಇನ್‌ಸ್ಟಾಲರ್ ಕಡತವನ್ನು ನಮ್ಮ ಡಿಸ್ಕಿಗೆ ಇಳಿಸಿಕೊಂಡು ಇಟ್ಟುಕೊಳ್ಳಲು ಬಿಡುತ್ತವೆ. ಅಲ್ಲಿ ಕೊಂಡವರು ಆ ಕಡತಗಳನ್ನು ಇಂದೇ ಒಂದು ಹಾರ್ಡ್ ಡಿಸ್ಕಿನಲ್ಲಿ ತೆಗೆದಿಡುವುದು ಒಳ್ಳೆಯದು.

ಅಂಗಡಿಗೆ ಕಾಣುವುದು ಏನು

ವಿಪಿಎನ್ ಮಾಡುವ ಕೆಲಸ ಸರಳ. ನಮ್ಮ ಕಂಪ್ಯೂಟರಿನಿಂದ ಹೊರಡುವ ಎಲ್ಲ ಸಂಚಾರವನ್ನು ಗೂಢಲಿಪಿಯಲ್ಲಿ ಸುತ್ತಿ ಇನ್ನೆಲ್ಲೋ ಇರುವ ಒಂದು ಸರ್ವರಿಗೆ ಕಳಿಸುತ್ತದೆ, ಅಲ್ಲಿಂದ ಅದು ಅಂತರ್ಜಾಲಕ್ಕೆ ಇಳಿಯುತ್ತದೆ. ಆದ್ದರಿಂದ ದಾವಣಗೆರೆಯಲ್ಲಿ ಕುಳಿತವನ ಐಪಿ ವಿಳಾಸ (ಅಂತರ್ಜಾಲದಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಆಮ್‌ಸ್ಟರ್‌ಡ್ಯಾಮಿನದಾಗಿಯೋ ಸಿಂಗಪುರದ್ದಾಗಿಯೋ ಅಂಗಡಿಗೆ ಕಾಣುತ್ತದೆ. ಆದರೆ ಅಂಗಡಿ ನೋಡುವುದು ಐಪಿ ವಿಳಾಸವೊಂದನ್ನೇ ಅಲ್ಲ. ಖಾತೆಯಲ್ಲಿ ದಾಖಲಾಗಿರುವ ದೇಶ, ಕಾರ್ಡ್ ಕೊಟ್ಟ ಬ್ಯಾಂಕಿನ ದೇಶ, ಬಿಲ್ಲಿಂಗ್ ವಿಳಾಸ, ಹಿಂದಿನ ಖರೀದಿಗಳ ಕರೆನ್ಸಿ ಇವೆಲ್ಲವೂ ಅದರ ಬಳಿ ಇರುತ್ತವೆ. ಕಾರ್ಡಿನ ಮೊದಲ ಆರು ಅಥವಾ ಎಂಟು ಅಂಕಿಗಳನ್ನು ನೋಡಿದರೆ ಸಾಕು, ಅದು ಯಾವ ದೇಶದ ಯಾವ ಬ್ಯಾಂಕಿನದೆಂದು ತಿಳಿಯುತ್ತದೆ. ವಿಪಿಎನ್ ಬದಲಿಸುವುದು ಇವುಗಳಲ್ಲಿ ಒಂದನ್ನು ಮಾತ್ರ; ಉಳಿದವೆಲ್ಲ ಭಾರತವೆಂದೇ ಹೇಳುತ್ತಿರುತ್ತವೆ. ತೊಂದರೆ ಹುಟ್ಟುವುದು ಈ ಹೊಂದಿಕೆಯಾಗದ ಉತ್ತರಗಳಿಂದ.

ಇನ್ನೊಂದು ಸೂಕ್ಷ್ಮವೂ ಇದೆ. ವಿಪಿಎನ್ ಸಂಪರ್ಕ ನಡುವೆ ಕಡಿದು ಹೋದರೆ, ಎರಡು ನಿಮಿಷದ ಹಿಂದೆ ಯುರೋಪಿನಲ್ಲಿದ್ದ ಗ್ರಾಹಕ ಈಗ ಕರ್ನಾಟಕದಲ್ಲಿ ಇದ್ದಾನೆಂದು ಅಂಗಡಿಗೆ ತೋರುತ್ತದೆ. ಅಷ್ಟು ಬೇಗ ಯಾವ ವಿಮಾನವೂ ಹಾರಲಾರದಾದ್ದರಿಂದ, ಇಬ್ಬರು ಬೇರೆ ಬೇರೆ ಮನುಷ್ಯರು ಒಂದೇ ಖಾತೆಯನ್ನು ಬಳಸುತ್ತಿದ್ದಾರೆ, ಅಂದರೆ ಪಾಸ್‌ವರ್ಡ್ ಕಳುವಾಗಿದೆ ಎಂದು ವ್ಯವಸ್ಥೆ ಊಹಿಸುತ್ತದೆ. ಒಂದೇ ವಿಪಿಎನ್ ವಿಳಾಸವನ್ನು ಏಕಕಾಲದಲ್ಲಿ ನೂರಾರು ಅಪರಿಚಿತರು ಹಂಚಿಕೊಂಡಿರುತ್ತಾರೆ. ಅವರಲ್ಲಿ ಒಬ್ಬ ಕದ್ದ ಕಾರ್ಡಿನಿಂದ ಖರೀದಿ ಮಾಡಿದ್ದರೆ ಆ ವಿಳಾಸಕ್ಕೆ ಅಂಟಿದ ಅನುಮಾನದಲ್ಲಿ ನಮಗೂ ಪಾಲು ಬರುತ್ತದೆ. ಲಾಗಿನ್ ಆಗುವಾಗ ಪದೇಪದೇ ಚಿತ್ರದ ಒಗಟು ಬಿಡಿಸಲು ಹೇಳುವುದು, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎನ್ನುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ.

ಕರಾರಿನಲ್ಲಿ ಬರೆದಿರುವುದು

ಸ್ಟೀಮ್ ನಡೆಸುವ ವಾಲ್ವ್ ಕಂಪನಿಯ ಚಂದಾದಾರರ ಒಪ್ಪಂದ ಈ ವಿಷಯದಲ್ಲಿ ಮುಚ್ಚುಮರೆ ಮಾಡಿಲ್ಲ. ಐಪಿ ಪ್ರಾಕ್ಸಿ (ಬೇರೆ ಸರ್ವರಿನ ಐಪಿ ವಿಳಾಸದ ಹಿಂದೆ ಅಡಗುವುದು) ಅಥವಾ ಬೇರೆ ವಿಧಾನದಿಂದ ವಾಸಸ್ಥಳವನ್ನು ಮರೆಮಾಚಬಾರದು. ಅದು ಪ್ರಾದೇಶಿಕ ನಿರ್ಬಂಧವನ್ನು ದಾಟುವುದಕ್ಕಾಗಲಿ, ನಮ್ಮ ಪ್ರದೇಶಕ್ಕೆ ಅನ್ವಯಿಸದ ಬೆಲೆಗೆ ಕೊಳ್ಳುವುದಕ್ಕಾಗಲಿ, ಇನ್ನಾವುದೇ ಉದ್ದೇಶಕ್ಕಾಗಲಿ ಕೂಡದು. ಹಾಗೆ ಮಾಡಿದರೆ ಖಾತೆಯ ಪ್ರವೇಶವನ್ನೇ ಕೊನೆಗೊಳಿಸಬಹುದು ಎಂದು ಅದರಲ್ಲಿದೆ. ‘ಇನ್ನಾವುದೇ ಉದ್ದೇಶ’ ಎಂಬ ಮಾತನ್ನು ಓದುಗರು ಎರಡು ಸಲ ಓದಬೇಕು. ಕೇವಲ ಖಾಸಗಿತನಕ್ಕಾಗಿ ವಿಪಿಎನ್ ಹಾಕಿಕೊಂಡವರ ಮೇಲೆ ಕಂಪನಿ ಮುಗಿಬೀಳುತ್ತದೆ ಎಂದು ಇದರ ಅರ್ಥವಲ್ಲ, ಆದರೆ ಹಾಗೆ ಮಾಡುವ ಅಧಿಕಾರವನ್ನು ಅದು ತನ್ನ ಕೈಯಲ್ಲಿ ಇಟ್ಟುಕೊಂಡಿದೆ, ಮತ್ತು ನಾವು ಅದಕ್ಕೆ ಒಪ್ಪಿಗೆ ಕೊಟ್ಟಿದ್ದೇವೆ.

ಈ ಬಿಗಿ ಸುಮ್ಮನೆ ಬಂದದ್ದಲ್ಲ. ಒಂದೇ ಆಟಕ್ಕೆ ಬೇರೆ ಬೇರೆ ದೇಶಗಳಲ್ಲಿ ಅಲ್ಲಿನ ಜನರ ಕೊಳ್ಳುವ ಶಕ್ತಿಗೆ ತಕ್ಕ ಬೆಲೆ ಇಡುವುದು ಈ ವ್ಯಾಪಾರದ ಪದ್ಧತಿ. ಭಾರತದಲ್ಲಿಯೂ 2015ರ ನವೆಂಬರಿನಲ್ಲಿ ಸ್ಟೀಮ್ ರೂಪಾಯಿ ಬೆಲೆಗಳನ್ನು ಆರಂಭಿಸಿತು. ಟರ್ಕಿ ಮತ್ತು ಅರ್ಜೆಂಟೀನಾದ ಬೆಲೆಗಳು ಬಹಳ ಕಡಿಮೆಯಿದ್ದ ಕಾಲದಲ್ಲಿ ಜಗತ್ತಿನ ಮೂಲೆಮೂಲೆಯವರು ವಿಪಿಎನ್ ಹಾಕಿಕೊಂಡು ಆ ದೇಶದವರೆಂದು ಹೇಳಿಕೊಂಡು ಕೊಳ್ಳತೊಡಗಿದರು. ಅಲ್ಲಿನ ಕರೆನ್ಸಿಗಳು ದಿನದಿನಕ್ಕೆ ಕುಸಿಯುತ್ತಿದ್ದುದೂ ಸೇರಿ, 2023ರ ನವೆಂಬರಿನಲ್ಲಿ ಎರಡೂ ದೇಶಗಳ ಬೆಲೆಗಳನ್ನು ಡಾಲರಿಗೆ ಬದಲಿಸಲಾಯಿತು. ಅದರಿಂದ ಪೆಟ್ಟು ತಿಂದವರು ಅಲ್ಲಿ ನಿಜವಾಗಿ ವಾಸಿಸುವ ಆಟಗಾರರು. ನಮ್ಮ ರೂಪಾಯಿ ಬೆಲೆಯೂ ಅಮೆರಿಕ, ಯುರೋಪಿನ ಬೆಲೆಗಿಂತ ಅನೇಕ ಆಟಗಳಲ್ಲಿ ಕಡಿಮೆಯೇ ಇದೆ. ಹೊರಗಿನವರು ಇದೇ ತಂತ್ರವನ್ನು ಇಲ್ಲಿ ಹೂಡಿದರೆ ನಮ್ಮ ಹುಡುಗರಿಗೆ ಹೇಗೆ ಅನ್ನಿಸೀತು ಎಂದು ನಾನು ಅಳಿಯನನ್ನು ಕೇಳಿದೆ. ಅವನು ಉತ್ತರ ಕೊಡಲಿಲ್ಲ.

ದೇಶದ ಕಾನೂನಿನ ಪ್ರಶ್ನೆ ಬೇರೆ. ಭಾರತದಲ್ಲಿ ವಿಪಿಎನ್ ಬಳಸುವುದೇ ಅಪರಾಧ ಎಂಬ ಸಾಮಾನ್ಯ ಕಾನೂನು ಇಲ್ಲ; ಸಾವಿರಾರು ಉದ್ಯೋಗಿಗಳು ಕಚೇರಿಯ ವಿಪಿಎನ್ ಮೂಲಕವೇ ಮನೆಯಿಂದ ಕೆಲಸ ಮಾಡುತ್ತಿದ್ದಾರೆ. ಅಂಗಡಿಯೊಂದಿಗಿನ ಕರಾರನ್ನು ಮುರಿಯುವುದಕ್ಕೂ ಅಪರಾಧ ಮಾಡುವುದಕ್ಕೂ ವ್ಯತ್ಯಾಸವಿದೆ. ಆದರೆ ಖಾತೆಗೆ ಬೀಗ ಹಾಕಲು ಅಂಗಡಿಗೆ ನ್ಯಾಯಾಲಯದ ಅಪ್ಪಣೆ ಬೇಕಾಗಿಲ್ಲ, ಕರಾರೇ ಸಾಕು.

ಮೊದಲ ಹೆಜ್ಜೆ: ವಿಪಿಎನ್ ಇದೆಯೋ ಇಲ್ಲವೋ ನೋಡಿಕೊಳ್ಳಿ

‘ನಾನು ವಿಪಿಎನ್ ಹಾಕಿಯೇ ಇಲ್ಲ’ ಎನ್ನುವವರ ಕಂಪ್ಯೂಟರಿನಲ್ಲಿ ಅದು ಸದ್ದಿಲ್ಲದೆ ಓಡುತ್ತಿರುವುದನ್ನು ನಾನೇ ನೋಡಿದ್ದೇನೆ. ಆಟಗಾರರು ಇಷ್ಟಪಡುವ ಒಪೇರಾ ಜಿಎಕ್ಸ್ ಬ್ರೌಸರಿನಲ್ಲಿ ಉಚಿತ ವಿಪಿಎನ್ ಒಳಗೇ ಇದೆ. ವಿಳಾಸಪಟ್ಟಿಯ ಪಕ್ಕದ ಒಂದು ಸಣ್ಣ ಗುಂಡಿಯನ್ನು ಒಮ್ಮೆ ಒತ್ತಿದರೆ ಬ್ರೌಸರಿನಲ್ಲಿ ತೆರೆದ ಅಂಗಡಿಪುಟ ಒಂದು ದೇಶದಿಂದ, ಅದೇ ಕಂಪ್ಯೂಟರಿನ ಆಟದ ಆ್ಯಪ್ ಇನ್ನೊಂದು ದೇಶದಿಂದ ತೆರೆದಂತಾಗುತ್ತದೆ. ಕೆಲವು ಆ್ಯಂಟಿವೈರಸ್ ಪ್ಯಾಕೇಜುಗಳೂ ಜೊತೆಗೆ ವಿಪಿಎನ್ ಕೊಡುತ್ತವೆ, ಕಂಪ್ಯೂಟರ್ ಆನ್ ಆದ ಕೂಡಲೇ ಅವು ತಾವಾಗಿ ಶುರುವಾಗುವಂತೆ ಹೊಂದಿಸಿರಬಹುದು.

ವಿಂಡೋಸಿನಲ್ಲಿ ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್ ವಿಭಾಗದಲ್ಲಿ ವಿಪಿಎನ್ ಎಂಬಲ್ಲಿ ಯಾವುದಾದರೂ ಸಂಪರ್ಕ ಚಾಲೂ ಇದೆಯೇ ನೋಡಿ. ಪರದೆಯ ಬಲ ಮೂಲೆಯಲ್ಲಿ ಗಡಿಯಾರದ ಪಕ್ಕದ ಬಾಣದ ಗುರುತನ್ನು ಒತ್ತಿ ಅಲ್ಲಿ ಅಡಗಿರುವ ಆ್ಯಪ್‌ಗಳನ್ನೂ ಪರೀಕ್ಷಿಸಿ. ಆಂಡ್ರಾಯ್ಡ್ ಫೋನಿನಲ್ಲಿ ಮೇಲಿನ ಪಟ್ಟಿಯಲ್ಲಿ ಸಣ್ಣ ಕೀಲಿಯ ಚಿತ್ರ ಕಂಡರೆ ವಿಪಿಎನ್ ಚಾಲೂ ಇದೆಯೆಂದು ಅರ್ಥ. ಸೆಟ್ಟಿಂಗ್ಸಿನ ವಿಪಿಎನ್ ಪುಟದಲ್ಲಿ ಅದು ‘ಸದಾ ಚಾಲೂ’ ಸ್ಥಿತಿಯಲ್ಲಿದೆಯೇ ಎಂಬುದನ್ನೂ ಗಮನಿಸಬೇಕು. ನಂತರ ಬ್ರೌಸರಿನಲ್ಲಿ ನನ್ನ ಐಪಿ ವಿಳಾಸ ಯಾವುದು ಎಂದು ಹುಡುಕಿ, ಬರುವ ದೇಶ ಭಾರತವೇ ಎಂದು ಖಚಿತಪಡಿಸಿಕೊಳ್ಳಿ. ಇಲ್ಲಿ ಒಂದು ಮಾತು: ಊರಿನ ಹೆಸರು ದಾವಣಗೆರೆ ಎಂದು ಬಾರದೆ ಬೆಂಗಳೂರು, ಚೆನ್ನೈ ಅಥವಾ ಮುಂಬೈ ಎಂದು ಬಂದರೆ ಗಾಬರಿಯಾಗಬೇಕಿಲ್ಲ. ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಕೆಲವೇ ಐಪಿ ವಿಳಾಸಗಳ ಹಿಂದೆ ಇಟ್ಟು, ದೊಡ್ಡ ನಗರದ ದ್ವಾರದಿಂದ ಅಂತರ್ಜಾಲಕ್ಕೆ ಬಿಡುವುದರಿಂದ ಹಾಗೆ ಕಾಣುತ್ತದೆ. ಗೇಮ್ ಸ್ಟೋರಿಗೆ ಮುಖ್ಯವಾದದ್ದು ದೇಶ.

ಎರಡನೆಯ ಹೆಜ್ಜೆ: ವಿಪಿಎನ್ ಬೇಕೇಬೇಕಾದವರು ಅದನ್ನು ಅಂಗಡಿಯಿಂದ ಬೇರ್ಪಡಿಸಿ

ಬೆಂಗಳೂರಿನ ಕಂಪನಿಗೆ ದಾವಣಗೆರೆಯ ಮನೆಯಿಂದಲೇ ಕೆಲಸ ಮಾಡುವವರು ಈಗ ನಮ್ಮ ಎಂಸಿಸಿ ಬಿ ಬ್ಲಾಕಿನಲ್ಲೂ ಪಿ.ಜೆ. ಬಡಾವಣೆಯಲ್ಲೂ ಸಾಕಷ್ಟು ಜನರಿದ್ದಾರೆ. ಅವರಿಗೆ ನನ್ನ ಮೊದಲ ಸಲಹೆ, ಕಚೇರಿಯ ಲ್ಯಾಪ್‌ಟಾಪಿನಲ್ಲಿ ಗೇಮ್ ಸ್ಟೋರ್ ಖಾತೆಗೆ ಲಾಗಿನ್ ಆಗಲೇಬಾರದು ಎಂಬುದು. ಸ್ವಂತ ಕಂಪ್ಯೂಟರಿನಲ್ಲಿ ವಿಪಿಎನ್ ಬೇಕಾದವರು, ಯಾವ ಆ್ಯಪ್ ವಿಪಿಎನ್ ಒಳಗೆ ಹೋಗಬೇಕು, ಯಾವುದು ಹೊರಗಿರಬೇಕು ಎಂದು ವಿಂಗಡಿಸುವ ಸೌಲಭ್ಯವನ್ನು ಹುಡುಕಿ. ಹಣ ಕೊಟ್ಟು ಪಡೆಯುವ ಸೇವೆಗಳಲ್ಲಿ ಅದು ಸ್ಪ್ಲಿಟ್ ಟನಲಿಂಗ್ ಎಂಬ ಹೆಸರಿನಲ್ಲಿ ಇರುತ್ತದೆ. ಗೇಮ್ ಸ್ಟೋರ್ ಆ್ಯಪನ್ನೂ, ಪಾವತಿಗೆ ಬಳಸುವ ಬ್ರೌಸರನ್ನೂ ಹೊರಗಿನ ಪಟ್ಟಿಗೆ ಸೇರಿಸಿ. ಇಷ್ಟೆಲ್ಲ ಬೇಡವೆನ್ನುವವರು ಅಂಗಡಿ ತೆರೆಯುವ ಮುನ್ನ ವಿಪಿಎನ್ ಆಫ್ ಮಾಡಿ, ಅಂಗಡಿ ಆ್ಯಪನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯುವುದು ಸಾಕು. ಆ್ಯಪನ್ನು ಮುಚ್ಚದೆ ನಡುವೆಯೇ ವಿಪಿಎನ್ ತೆಗೆದರೆ ಹಿಂದೆ ಹೇಳಿದ ‘ಎರಡು ನಿಮಿಷದಲ್ಲಿ ಯುರೋಪಿನಿಂದ ಕರ್ನಾಟಕ’ದ ಪ್ರಸಂಗವೇ ಮರುಕಳಿಸುತ್ತದೆ.

ಭಾರತದ ಸರ್ವರನ್ನೇ ಆರಿಸಿಕೊಂಡರೆ ಸರಿಹೋಗುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ದೇಶ ಬದಲಾಗದಿರುವುದರಿಂದ ಅಪಾಯ ಕಡಿಮೆಯಾಗುವುದು ನಿಜ, ಆದರೂ ಹಂಚಿಕೊಂಡ ವಿಳಾಸದ ಅನುಮಾನ ಹೋಗುವುದಿಲ್ಲ. ಜೊತೆಗೆ, ವಿಪಿಎನ್ ಕಂಪನಿಗಳು ಗ್ರಾಹಕರ ವಿವರಗಳನ್ನು 5 ವರ್ಷ ಕಾಪಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದ ಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಮುಂತಾದವು ಭಾರತದ ನೆಲದ ಮೇಲಿದ್ದ ತಮ್ಮ ಸರ್ವರುಗಳನ್ನು ತೆಗೆದವು. ಈಗ ‘ಇಂಡಿಯಾ’ ಎಂದು ತೋರಿಸುವ ಕೆಲವು ಸರ್ವರುಗಳು ವಾಸ್ತವದಲ್ಲಿ ಸಿಂಗಪುರದಲ್ಲೋ ಲಂಡನ್ನಿನಲ್ಲೋ ಇರುತ್ತವೆ, ವಿಳಾಸ ಮಾತ್ರ ಭಾರತದ್ದು. ಮುಂಬೈ ಅಥವಾ ಚೆನ್ನೈನ ಸರ್ವರಿಗೆ ನೇರವಾಗಿ ಹೋಗಬೇಕಾದ ಕೌಂಟರ್-ಸ್ಟ್ರೈಕ್ ಆಟ ಸಮುದ್ರ ದಾಟಿ ಸುತ್ತಿ ಬರುವುದರಿಂದ ಪಿಂಗ್ (ಸರ್ವರಿಗೆ ಹೋಗಿ ಬರಲು ಹಿಡಿಯುವ ಹೊತ್ತು) ಏರುತ್ತದೆ. ವಿಪಿಎನ್ ಹಾಕಿದರೆ ಪಿಂಗ್ ಇಳಿಯುತ್ತದೆ ಎಂಬ ಜಾಹೀರಾತು ಇಂಟರ್ನೆಟ್ ಕಂಪನಿಯ ದಾರಿ ತೀರ ಕೆಟ್ಟಿದ್ದಾಗ ಮಾತ್ರ ಸತ್ಯವಾಗಬಹುದು.

ಮೂರನೆಯ ಹೆಜ್ಜೆ: ಹಣ ಕೊಡುವ ಕ್ಷಣ

ಅಂಗಡಿಪುಟ ನೋಡುವುದಕ್ಕಿಂತ ಹಣ ಕೊಡುವಾಗ ಅಪಾಯ ಹೆಚ್ಚು. ಖರೀದಿ ಗುಂಡಿ ಒತ್ತುವ ಮುನ್ನ ಬೆಲೆಯ ಮುಂದೆ ರೂಪಾಯಿ ಚಿಹ್ನೆ ಇದೆಯೇ ಎಂದು ನೋಡುವುದು ಅತ್ಯಂತ ಸುಲಭದ ಪರೀಕ್ಷೆ. ಲೀರಾ, ಡಾಲರ್, ಯೂರೋ ಕಂಡರೆ ಅಲ್ಲಿಗೇ ನಿಲ್ಲಿಸಿ. ಯುಪಿಐ ಆಯ್ಕೆ ಇರಬೇಕಾದ ಜಾಗದಲ್ಲಿ ಕಾಣದಿದ್ದರೂ ಅದೇ ಸೂಚನೆ.

ಸ್ಟೀಮ್ ಖಾತೆಯ ದೇಶವನ್ನು ಬದಲಿಸಬೇಕಾದರೆ ಆ ದೇಶದ ಪಾವತಿ ವಿಧಾನದಿಂದಲೇ ಒಂದು ಖರೀದಿ ಪೂರ್ಣಗೊಳಿಸಬೇಕು, ಮತ್ತು ಮೂರು ತಿಂಗಳಿಗೊಮ್ಮೆಗಿಂತ ಹೆಚ್ಚು ಸಲ ಬದಲಿಸಲಾಗದು. ಅಂದರೆ ವಿಪಿಎನ್ ಮೂಲಕ ಬೇರೆ ದೇಶದ ಬೆಲೆ ಕಂಡರೂ ಭಾರತದ ಕಾರ್ಡಿನಿಂದ ಅದನ್ನು ಕೊಳ್ಳಲಾಗುವುದಿಲ್ಲ, ಆದರೆ ಪ್ರಯತ್ನಿಸಿದ ದಾಖಲೆ ಉಳಿಯುತ್ತದೆ. ಲಾಭವಿಲ್ಲದೆ ಅಪಾಯವನ್ನಷ್ಟೇ ಹೊತ್ತುಕೊಂಡಂತಾಯಿತು.

ಕಾರ್ಡಿನ ಕಡೆಯಿಂದಲೂ ಒಂದು ಲೆಕ್ಕವಿದೆ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಅಂತರರಾಷ್ಟ್ರೀಯ ವಹಿವಾಟು ಮೊದಲಿಗೆ ಬಂದ್ ಆಗಿಯೇ ಬರುತ್ತದೆ. ಬೇಕಾದವರು ಬ್ಯಾಂಕಿನ ಆ್ಯಪಿನಲ್ಲಿ ತೆರೆದುಕೊಳ್ಳಬೇಕು. ತೆರೆದುಕೊಂಡು ವಿದೇಶಿ ಕರೆನ್ಸಿಯಲ್ಲಿ ಕೊಂಡರೆ ಬ್ಯಾಂಕ್ ಸಾಮಾನ್ಯವಾಗಿ ಶೇ. 2ರಿಂದ 3.5ರವರೆಗೆ ವಿನಿಮಯ ಶುಲ್ಕ ಸೇರಿಸುತ್ತದೆ, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ. ಶುಲ್ಕ ಶೇ. 3.5 ಇದ್ದರೆ 1,000 ರೂಪಾಯಿಯ ಆಟಕ್ಕೆ 35 ರೂಪಾಯಿ, ಅದರ ತೆರಿಗೆ 6 ರೂಪಾಯಿ 30 ಪೈಸೆ, ಒಟ್ಟು 41 ರೂಪಾಯಿ 30 ಪೈಸೆ ಹೆಚ್ಚು. ಮೊತ್ತ ದೊಡ್ಡದಲ್ಲ, ಆದರೆ ತಂದೆಯ ಕಾರ್ಡ್ ಬಳಸಿದ ಹುಡುಗ ಅದಕ್ಕೂ ಉತ್ತರ ಕೊಡಬೇಕಾಗುತ್ತದೆ. ಈ ಕೆಲಸಕ್ಕೆಂದೇ ಅಂತರರಾಷ್ಟ್ರೀಯ ಗುಂಡಿಯನ್ನು ತೆರೆದವರು ಮತ್ತೆ ಮುಚ್ಚಲು ಮರೆಯುವುದು ಇನ್ನೂ ದೊಡ್ಡ ಅಪಾಯ: ಅನೇಕ ವಿದೇಶಿ ಜಾಲತಾಣಗಳು ಒಟಿಪಿ ಕೇಳದೆಯೇ ಕಾರ್ಡಿನಿಂದ ಹಣ ತೆಗೆಯಬಲ್ಲವು.

ಕಾರ್ಡ್ ಒಮ್ಮೆ ಒಪ್ಪಲಿಲ್ಲವೆಂದರೆ ಮತ್ತೆ ಮತ್ತೆ ಒತ್ತಬೇಡಿ. ನನ್ನ ಅಳಿಯ ಮಾಡಿದ ತಪ್ಪು ಅದೇ. ಕದ್ದ ಕಾರ್ಡುಗಳನ್ನು ಪರೀಕ್ಷಿಸುವವರು ಮಾಡುವುದೂ ಹಾಗೆಯೇ ಆದ್ದರಿಂದ ವ್ಯವಸ್ಥೆ ಖರೀದಿಯನ್ನು ತಡೆಹಿಡಿಯುತ್ತದೆ. ಆ ಮಧ್ಯೆ ಬ್ಯಾಂಕಿನಲ್ಲಿ ಕಟ್ಟಾದಂತೆ ತೋರುವ ಹಣ ಹಿಂದಿರುಗಲು ಕೆಲವು ದಿನ ಬೇಕಾಗಬಹುದು. ಅಕ್ಕನಿಗೆ ಹೇಳಬೇಡ ಎಂದವನ ಗುಟ್ಟು ಬ್ಯಾಂಕಿನ ಮೂರು ಎಸ್ಎಂಎಸ್‌ಗಳಿಂದ ಅದಾಗಲೇ ಹೊರಬಿದ್ದಿತ್ತು.

ಉಚಿತ ವಿಪಿಎನ್‌ಗಳ ಬಗ್ಗೆ ಸ್ವಲ್ಪ ವಿವರವಾಗಿ

ನಮ್ಮ ಕಡೆ ಹುಡುಗರ ಫೋನಿನಲ್ಲಿ ವಿಪಿಎನ್ ಬಳಕೆ ಹರಡಿದ್ದರಲ್ಲಿ 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್‌ಜಿ ಮೊಬೈಲ್ ಆಟವನ್ನು ನಿರ್ಬಂಧಿಸಿದ್ದರ ಪಾಲು ದೊಡ್ಡದು ಎಂಬುದು ನಾನು ಕಣ್ಣಾರೆ ಕಂಡ ಸಂಗತಿ. ಅಂದು ಇಳಿಸಿಕೊಂಡ ಉಚಿತ ಆ್ಯಪ್‌ಗಳು ಇಂದಿಗೂ ಹಲವರ ಫೋನಿನಲ್ಲಿವೆ, ಹಣ ಕೊಟ್ಟು ಕೊಂಡ ಆಟಗಳ ಖಾತೆಗಳೂ ಅದೇ ಫೋನಿನಲ್ಲಿವೆ.

ಸರ್ವರಿಗೂ ಬ್ಯಾಂಡ್‌ವಿಡ್ತಿಗೂ ಪ್ರತಿ ತಿಂಗಳು ಹಣ ಸುರಿಯಬೇಕಾದ ಸೇವೆಯನ್ನು ಒಬ್ಬರು ಪುಕ್ಕಟೆಯಾಗಿ ಕೊಡುತ್ತಿದ್ದರೆ, ಆ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳಬೇಕು. ಆಂಡ್ರಾಯ್ಡಿನ 283 ವಿಪಿಎನ್ ಆ್ಯಪ್‌ಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ, ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಶೋಧಕರೂ ಪಾಲ್ಗೊಂಡ ಅಧ್ಯಯನದಲ್ಲಿ ಶೇ. 38ರಷ್ಟು ಆ್ಯಪ್‌ಗಳಲ್ಲಿ ದುರುದ್ದೇಶದ ತಂತ್ರಾಂಶದ ಕುರುಹು ಸಿಕ್ಕಿತು, ಶೇ. 75ರಷ್ಟು ಆ್ಯಪ್‌ಗಳು ಬಳಕೆದಾರರನ್ನು ಹಿಂಬಾಲಿಸುವ ಹೊರಗಿನವರ ಕೋಡ್ ಹೊಂದಿದ್ದವು, ಶೇ. 18ರಷ್ಟು ಆ್ಯಪ್‌ಗಳು ಸಂಚಾರವನ್ನು ಗೂಢಲಿಪಿಗೆ ಬದಲಿಸುತ್ತಲೇ ಇರಲಿಲ್ಲ. ಶೇ. 84ರಷ್ಟು ಆ್ಯಪ್‌ಗಳಲ್ಲಿ ಐಪಿವಿ6 ಎಂಬ ಹೊಸ ಬಗೆಯ ಐಪಿ ವಿಳಾಸದ ಸಂಚಾರ ವಿಪಿಎನ್ ಸುರಂಗದ ಹೊರಗೇ ಸೋರುತ್ತಿತ್ತು. ಈ ಕೊನೆಯ ದೋಷ ಗೇಮ್ ಖಾತೆಗೆ ನೇರವಾಗಿ ಸಂಬಂಧಿಸಿದ್ದು: ಒಂದೇ ಕ್ಷಣದಲ್ಲಿ ಹಳೆಯ ಬಗೆಯ ವಿಳಾಸ ವಿದೇಶದ್ದೆಂದೂ ಹೊಸ ಬಗೆಯ ವಿಳಾಸ ಭಾರತದ್ದೆಂದೂ ಅಂಗಡಿಗೆ ಕಾಣಬಹುದು.

ಇದಕ್ಕಿಂತ ಕೆಟ್ಟದ್ದು, ನಮ್ಮ ಸಂಪರ್ಕವನ್ನೇ ಬಾಡಿಗೆಗೆ ಬಿಡುವ ಉಚಿತ ವಿಪಿಎನ್. ಹೋಲಾ ಎಂಬ ಸೇವೆ ತನ್ನ ಉಚಿತ ಬಳಕೆದಾರರ ಬ್ಯಾಂಡ್‌ವಿಡ್ತನ್ನು ಬೇರೊಂದು ಹೆಸರಿನಲ್ಲಿ ಮಾರುತ್ತಿದ್ದುದು 2015ರಲ್ಲಿ ಬಯಲಾಯಿತು. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಕೆಡವಿದ 911 ಎಸ್5 ಎಂಬ ಜಾಲವೂ ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್ ಮೊದಲಾದ ಉಚಿತ ಆ್ಯಪ್‌ಗಳ ಮೂಲಕವೇ ಜನರ ಕಂಪ್ಯೂಟರ್ ಹೊಕ್ಕು, ಅವರ ಐಪಿ ವಿಳಾಸಗಳನ್ನು ವಂಚಕರಿಗೆ ಮಾರುತ್ತಿತ್ತು. ಸಿಕ್ಕಿಬಿದ್ದ ವಿಳಾಸಗಳ ಸಂಖ್ಯೆ 1 ಕೋಟಿ 90 ಲಕ್ಷ. ಯಾರೋ ದೂರದವನು ಮಾಡಿದ ವಂಚನೆ ದಾವಣಗೆರೆಯ ಮನೆಯೊಂದರ ವಿಳಾಸದಲ್ಲಿ ದಾಖಲಾಗುವುದೆಂದರೆ ಹೀಗೆ. ಇಂಥ ಆ್ಯಪ್ ಇದ್ದವರು ಅದನ್ನು ಅಳಿಸಿ, ಪೂರ್ಣ ಸ್ಕ್ಯಾನ್ ಮಾಡಿಸಿ, ಆಮೇಲೆ ಬೇರೆಯದೇ ಸ್ವಚ್ಛ ಸಾಧನದಿಂದ ಇಮೇಲ್ ಮತ್ತು ಗೇಮ್ ಖಾತೆಯ ಪಾಸ್‌ವರ್ಡ್ ಬದಲಿಸಬೇಕು. ಇಮೇಲಿನದ್ದು ಮೊದಲು, ಏಕೆಂದರೆ ಅದು ಕೈತಪ್ಪಿದ್ದರೆ ಗೇಮ್ ಖಾತೆಗೆ ಎಷ್ಟು ಪಾಸ್‌ವರ್ಡ್ ಬದಲಿಸಿದರೂ ವ್ಯರ್ಥ.

ಮಧ್ಯವರ್ತಿಗಳು

ಟೆಲಿಗ್ರಾಂ ಗುಂಪುಗಳಲ್ಲಿ ‘ಟರ್ಕಿ ಅಕೌಂಟ್’ ಮಾರುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟೀಮ್ ಖಾತೆಯನ್ನು ಮಾರುವುದು, ವರ್ಗಾಯಿಸುವುದು ಕರಾರಿಗೆ ವಿರುದ್ಧ. ಖಾತೆ ತೆರೆದಾಗಿನ ಇಮೇಲೂ ಮೊದಲ ಖರೀದಿಯ ರಸೀದಿಯೂ ಮಾರಿದವನ ಬಳಿಯೇ ಇರುವುದರಿಂದ ಅವನು ಬೇಕೆಂದಾಗ ಖಾತೆಯನ್ನು ಹಿಂದಕ್ಕೆ ಪಡೆಯಬಲ್ಲ. ಅವರೇ ಕೊಡುವ ವಿದೇಶಿ ಕಾರ್ಡು, ವಾಲೆಟ್ ಕೋಡುಗಳು ಕದ್ದ ಹಣದವಾಗಿದ್ದರೆ, ಕಾರ್ಡಿನ ನಿಜವಾದ ಒಡೆಯ ದೂರು ಕೊಟ್ಟ ದಿನ ಕೊಂಡ ಆಟ ಮಾಯವಾಗಿ ಖಾತೆಗೆ ನಿರ್ಬಂಧ ಬೀಳುತ್ತದೆ. ಬೇರೆ ದೇಶದ ಗೆಳೆಯನಿಂದ ಉಡುಗೊರೆ ಪಡೆಯುವುದಕ್ಕೂ ಬೆಲೆಯ ಅಂತರ ಹೆಚ್ಚಿದ್ದರೆ ತಡೆಯಿದೆ. 2024ರ ಸೆಪ್ಟೆಂಬರಿನಲ್ಲಿ ಎಲ್ಲರಿಗೂ ತೆರೆದ ಸ್ಟೀಮ್ ಫ್ಯಾಮಿಲೀಸ್ ಸೌಲಭ್ಯದಲ್ಲಿ ಗರಿಷ್ಠ 6 ಜನ ಲೈಬ್ರರಿ ಹಂಚಿಕೊಳ್ಳಬಹುದಾದರೂ ಎಲ್ಲರ ಖಾತೆಯೂ ಒಂದೇ ದೇಶದ್ದಾಗಿರಬೇಕು. ಒಬ್ಬ ಸದಸ್ಯ ಸುಳ್ಳು ದೇಶ ಹಾಕಿಕೊಂಡರೆ ಅವನು ಕುಟುಂಬದ ಹೊರಗುಳಿಯುತ್ತಾನೆ.

ಬೀಗ ಬಿದ್ದೇ ಬಿಟ್ಟರೆ

ಗಾಬರಿಯಲ್ಲಿ ಹೊಸ ಖಾತೆ ತೆರೆಯುವುದು, ಇನ್ನೊಂದು ವಿಪಿಎನ್ ಹಾಕಿ ನೋಡುವುದು ಎರಡೂ ಬೇಡ. ಮೊದಲು ವಿಪಿಎನ್ ಅಳಿಸಿ ಅಥವಾ ಆಫ್ ಮಾಡಿ, ಮನೆಯ ಸಾಮಾನ್ಯ ಸಂಪರ್ಕದಿಂದ ಅಂಗಡಿಯ ಅಧಿಕೃತ ಸಹಾಯ ಪುಟವನ್ನು ನೀವೇ ವಿಳಾಸ ಟೈಪ್ ಮಾಡಿ ತೆರೆಯಿರಿ. ಹುಡುಕಾಟದಲ್ಲಿ ಮೇಲೆ ಬರುವ ‘ಕಸ್ಟಮರ್ ಕೇರ್’ ಫೋನ್ ಸಂಖ್ಯೆಗಳಿಗೆ ಕರೆ ಮಾಡಬೇಡಿ. ಸ್ಟೀಮ್ ಫೋನಿನಲ್ಲಿ ಸಹಾಯ ಕೊಡುವುದೇ ಇಲ್ಲ. ಬೀಗ ಯಾವ ಬಗೆಯದೆಂದು ಗುರುತಿಸಿ: ಲಾಗಿನ್ ಆಗಲು ಬಿಟ್ಟು ಖರೀದಿ ಮಾತ್ರ ತಡೆದಿದ್ದರೆ ಅದು ಪಾವತಿಯ ಅನುಮಾನ, ಲಾಗಿನ್ನೇ ಆಗದಿದ್ದರೆ ಕಳವಿನ ಅನುಮಾನ ಅಥವಾ ಕರಾರಿನ ಉಲ್ಲಂಘನೆ.

ಸಹಾಯ ಪುಟದ ಮೂಲಕ ಅಂಗಡಿಗೆ ಬರೆಯುವ ಪತ್ರದಲ್ಲಿ ನಡೆದದ್ದನ್ನು ನಡೆದಂತೆಯೇ ಬರೆಯಿರಿ. ವಾಸ ಭಾರತದಲ್ಲಿ, ಇಂಥ ದಿನ ಇಂಥ ಹೊತ್ತಿನಲ್ಲಿ ವಿಪಿಎನ್ ಚಾಲೂ ಇತ್ತು, ಕಾರಣ ಇದು, ಈಗ ತೆಗೆಯಲಾಗಿದೆ ಎಂಬ ನಾಲ್ಕು ಸಾಲು ಸಾಕು. ವಿಪಿಎನ್ ಬಳಸಿಯೇ ಇಲ್ಲ ಎಂದು ಹೇಳುವುದು ವ್ಯರ್ಥ, ದಾಖಲೆ ಅವರ ಮುಂದೆಯೇ ಇರುತ್ತದೆ. ಖಾತೆ ನಿಮ್ಮದೆಂದು ತೋರಿಸಲು ಹಳೆಯ ಖರೀದಿಯ ರಸೀದಿ ಇಮೇಲುಗಳನ್ನು, ಪಾವತಿಯ ವಹಿವಾಟು ಸಂಖ್ಯೆಯನ್ನು ಜೊತೆಗಿಡಿ. ಕಾರ್ಡಿನ ಪೂರ್ಣ ಸಂಖ್ಯೆಯನ್ನೂ ಒಟಿಪಿಯನ್ನೂ ಯಾರು ಕೇಳಿದರೂ ಕೊಡಬೇಡಿ. ಒಂದೇ ವಿಷಯಕ್ಕೆ ಐದು ದೂರು ಹಾಕಿದರೆ ಉತ್ತರ ಬೇಗ ಬರುವುದಿಲ್ಲ.

ಹಣದ ವಿಷಯದಲ್ಲಿ ಅವಸರದಿಂದ ಬ್ಯಾಂಕಿಗೆ ಹೋಗಿ ವಹಿವಾಟನ್ನು ತಕರಾರಿಗೆ ಹಾಕಬೇಡಿ. ಅಂಗಡಿಯ ದೃಷ್ಟಿಯಲ್ಲಿ ಅದು ಹಣ ಕೊಡದೆ ಸರಕು ಒಯ್ದಂತೆ, ಸಣ್ಣ ಬೀಗ ದೊಡ್ಡದಾಗುತ್ತದೆ. ಮೊದಲು ಅಂಗಡಿಯಿಂದಲೇ ಮರುಪಾವತಿ ಕೇಳಿ: ಸ್ಟೀಮ್ ಮತ್ತು ಎಪಿಕ್ ಎರಡರಲ್ಲೂ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ ಆಟಕ್ಕೆ ಸಾಮಾನ್ಯವಾಗಿ ಹಣ ಹಿಂತಿರುಗುತ್ತದೆ. ನೀವು ಮಾಡದ ವಹಿವಾಟಿನಲ್ಲಿ ಹಣ ಹೋಗಿದ್ದರೆ ಮಾತ್ರ ಲೆಕ್ಕ ಬೇರೆ. ಆಗ ಬ್ಯಾಂಕಿಗೆ ತಿಳಿಸಿ ಕಾರ್ಡ್ ನಿಲ್ಲಿಸಿ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ. ನಗರದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿಯೂ ದೂರು ಕೊಡಬಹುದು.

ಅಳಿಯನ ಖಾತೆ ಆರನೆಯ ದಿನ ತೆರೆಯಿತು. ಅಷ್ಟರಲ್ಲಿ ರಿಯಾಯಿತಿ ಮುಗಿದು ಆಟ ಮತ್ತೆ ಪೂರ್ಣ ಬೆಲೆಗೆ ಏರಿತ್ತು.

ನಿಜವಾಗಿಯೇ ದೇಶ ಬಿಟ್ಟು ಹೋಗುವವರಿಗೆ

ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳಾದ ಯುಬಿಡಿಟಿ, ಬಿಐಇಟಿಯಲ್ಲಿ ಓದಿ ಜರ್ಮನಿಗೋ ಅಮೆರಿಕಕ್ಕೋ ಹೋಗುವವರಿಗೆ ವಿಪಿಎನ್‌ನ ಅಗತ್ಯವೇ ಇಲ್ಲ. ಅಲ್ಲಿಂದ ಭಾರತದ ವಿಪಿಎನ್ ಹಾಕಿಕೊಂಡು ರೂಪಾಯಿ ಬೆಲೆಯಲ್ಲಿ ಕೊಳ್ಳುವುದೂ ಇದೇ ಉಲ್ಲಂಘನೆಯ ಇನ್ನೊಂದು ಮಗ್ಗುಲು. ಸ್ಟೀಮ್ ದೇಶವನ್ನು ಹೊರಡುವ ಮುನ್ನ ಬದಲಿಸಲು ಹೋಗಬೇಡಿ. ಅಲ್ಲಿಗೆ ತಲುಪಿ, ಅಲ್ಲಿನ ಬ್ಯಾಂಕ್ ಖಾತೆ ತೆರೆದ ಮೇಲೆ ಮೊದಲ ಖರೀದಿಯ ಸಮಯದಲ್ಲಿ ಬದಲಿಸಿ. ಹಳೆಯ ಲೈಬ್ರರಿ ಜೊತೆಗೇ ಬರುತ್ತದೆ. ಎಕ್ಸ್‌ಬಾಕ್ಸಿನಲ್ಲಿಯೂ ಮೂರು ತಿಂಗಳಿಗೊಮ್ಮೆ ಮಾತ್ರ ಪ್ರದೇಶ ಬದಲಿಸಬಹುದು. ಪ್ಲೇಸ್ಟೇಷನ್ ಖಾತೆಯ ದೇಶವನ್ನು ಒಮ್ಮೆ ಆರಿಸಿದ ಮೇಲೆ ಬದಲಿಸಲು ಬರುವುದೇ ಇಲ್ಲ, ಆದ್ದರಿಂದ ಅಲ್ಲಿ ಹೊಸ ಖಾತೆ ತೆರೆದು ಹಳೆಯದನ್ನೂ ಉಳಿಸಿಕೊಳ್ಳುವುದು ರೂಢಿ. ಗೂಗಲ್ ಪ್ಲೇಯಲ್ಲಿ ವರ್ಷಕ್ಕೊಮ್ಮೆ ಮಾತ್ರ ದೇಶ ಬದಲಿಸಬಹುದು, ಬದಲಾವಣೆ ಕಾಣಿಸಲು 48 ಗಂಟೆಯವರೆಗೆ ಹಿಡಿಯಬಹುದು, ಮತ್ತು ಭಾರತದಲ್ಲಿ ಉಳಿದ ಬ್ಯಾಲೆನ್ಸನ್ನು ಹೊಸ ದೇಶದಲ್ಲಿ ಬಳಸಲಾಗುವುದಿಲ್ಲ. ವಿಮಾನ ಹತ್ತುವ ವಾರಕ್ಕೆ ಮುಂಚೆಯೇ ಅದನ್ನು ಖರ್ಚು ಮಾಡಿ ಮುಗಿಸಿ.